ದೆವ್ವದ ಕತೆಯ ಪಕ್ಕದಲ್ಲೊಂದು ಪುಸ್ತಕ

ಹೈಸ್ಕೂಲು ಮುಗಿಸಿ ಪಿಯುಸಿಗೆ ಕಾಲಿಟ್ಟ ಹುಡುಗನೋ ಹುಡುಗಿಯೋ ‘ದೆವ್ವ ನಿಜವಾಗಿಯೂ ಇದೆಯಾ?’ ಎಂದು ಕೇಳಿದರೆ ದೊಡ್ಡವರಿಂದ ಬರುವ ಉತ್ತರ ಹೆಚ್ಚುಕಮ್ಮಿ ಎರಡೇ ಬಗೆಯದು. ಮನೆಯಲ್ಲಾದರೆ, ‘ಹೊತ್ತು ಮುಳುಗಿದ ಮೇಲೆ ಅದರ ಮಾತು ಎತ್ತಬೇಡ’ ಎನ್ನುತ್ತಾರೆ. ಶಾಲೆಯಲ್ಲಾದರೆ, ‘ಅದೆಲ್ಲ ಮೂಢನಂಬಿಕೆ, ಸುಮ್ಮನೆ ಪಾಠ ಓದು’ ಎನ್ನುತ್ತಾರೆ. ಮೊದಲನೆಯವರು ನಂಬುವವರು, ಎರಡನೆಯವರು ನಂಬದವರು. ಕೇಳಿದ ಮಗುವಿನ ಪಾಲಿಗೆ ಮಾತ್ರ ಇಬ್ಬರೂ ಮಾಡಿದ್ದು ಒಂದೇ ಕೆಲಸ, ಬಾಯಿ ಮುಚ್ಚಿಸಿದ್ದು. ಅತಿಮಾನುಷದ ಬಗೆಗಿನ ಕುತೂಹಲವನ್ನು ಹೀಗೆ ಹೆದರಿಸಿಯೋ ಗದರಿಸಿಯೋ ಅಡಗಿಸುವುದರಿಂದ ವಿಚಾರಶಕ್ತಿ ಬೆಳೆಯುವುದಿಲ್ಲ ಎಂಬುದು ನನ್ನ ವಾದ. ದೆವ್ವದ ಕತೆ ಓದುವ ವಿದ್ಯಾರ್ಥಿಯ ಕೈಯಿಂದ ಆ ಪುಸ್ತಕವನ್ನು ಕಿತ್ತುಕೊಳ್ಳಬೇಕಾಗಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಪುಸ್ತಕ ಇಡಬೇಕು. ಮೊದಲನೆಯ ಪುಸ್ತಕ ಎಬ್ಬಿಸಿದ ಪ್ರಶ್ನೆಯನ್ನೇ ಎತ್ತಿಕೊಂಡು, ಅದನ್ನು ಪರೀಕ್ಷಿಸುವುದು ಹೇಗೆಂದು ತೋರಿಸುವ ಪುಸ್ತಕ ಅದಾಗಿರಬೇಕು. ನಮ್ಮ ಊರುಗಳಲ್ಲಿ ಕೊರತೆ ಇರುವುದು ಆ ಎರಡನೆಯ ಪುಸ್ತಕದ್ದು.

ಓದು ಬರೆಹ ಕಲಿತರೆ ಮೂಢನಂಬಿಕೆ ತಾನಾಗಿ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬಹಳ ಕಾಲದಿಂದ ಇದೆ. ಅದು ಪೂರ್ತಿ ಸರಿಯಲ್ಲ ಎನ್ನುವುದಕ್ಕೆ 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳ ಮನೆ ಬಾಗಿಲುಗಳೇ ಸಾಕ್ಷಿ. ರಾತ್ರಿ ಹೊತ್ತು ದೆವ್ವವೊಂದು ಮನೆಯವರ ದನಿಯಲ್ಲೇ ಕೂಗಿ ಬಾಗಿಲು ತಟ್ಟುತ್ತದೆ, ತೆರೆದವರು ಉಳಿಯುವುದಿಲ್ಲ ಎಂಬ ಸುದ್ದಿ ಹಬ್ಬಿ ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಬಂದ ದೆವ್ವ ಅದನ್ನು ಓದಿಕೊಂಡು ಹಿಂದಿರುಗುತ್ತದೆ, ಮರುದಿನ ಬಂದರೂ ಅದೇ ಬರೆಹ ಕಾಣುತ್ತದೆ ಎಂಬುದು ಲೆಕ್ಕಾಚಾರ. ಈ ಪರಿಹಾರ ಅಕ್ಷರ ಬಲ್ಲವರಿಂದ ಮಾತ್ರ ಸಾಧ್ಯವಿತ್ತು. ಅಂದರೆ ಸೀಮೆಸುಣ್ಣ ಹಿಡಿದು ಬಾಗಿಲ ಮುಂದೆ ನಿಂತವರಲ್ಲಿ ಶಾಲೆಗೆ ಹೋಗುವ ಮಕ್ಕಳೂ ಇದ್ದರು, ಶಾಲೆ ಮುಗಿಸಿದ ದೊಡ್ಡವರೂ ಇದ್ದರು. ಅಕ್ಷರ ಅವರಿಗೆ ಸಿಕ್ಕಿತ್ತು. ‘ಇದನ್ನು ಕಣ್ಣಾರೆ ಕಂಡವರು ಯಾರು? ಹೇಳಿದವರಿಗೆ ಹೇಳಿದವರು ಯಾರು?’ ಎಂದು ಹಿಂದಕ್ಕೆ ಹುಡುಕಿಕೊಂಡು ಹೋಗುವ ಅಭ್ಯಾಸ ಸಿಕ್ಕಿರಲಿಲ್ಲ. ಅದನ್ನು ಯಾವ ತರಗತಿಯಲ್ಲೂ ಒಂದು ವಿಷಯವಾಗಿ ಕಲಿಸುವುದಿಲ್ಲ. ಕಲಿಯುವ ದಾರಿಗಳಲ್ಲಿ ಓದು ಮುಖ್ಯವಾದದ್ದು. ಒಂದೇ ಸಂಗತಿಯ ಬಗ್ಗೆ ಇಬ್ಬರು ಬರೆದದ್ದನ್ನು ಎದುರುಬದುರು ಇಟ್ಟು ಓದಿದಾಗ ಆ ಅಭ್ಯಾಸ ಮೆಲ್ಲಗೆ ಕೈಗೂಡುತ್ತದೆ.

ಹೆಗ್ಗಡದೇವನಕೋಟೆಯ ಸೀಮೆಯಲ್ಲಿ ದೆವ್ವ ಇದೆಯಾ ಎಂಬ ಪ್ರಶ್ನೆ ಹುಟ್ಟದಿದ್ದರೇ ಆಶ್ಚರ್ಯಪಡಬೇಕು. ಒಂದು ಕಡೆ ನಾಗರಹೊಳೆಯ ಕಾಡು, ಇನ್ನೊಂದು ಕಡೆ 1974ರಲ್ಲಿ ಬೀಚನಹಳ್ಳಿಯಲ್ಲಿ ಕಟ್ಟಿ ಮುಗಿಸಿದ ಕಬಿನಿ ಅಣೆಕಟ್ಟೆಯ ಹಿನ್ನೀರು. ಹಿನ್ನೀರಿನ ದಂಡೆಗೆ ಭೀಮನಕೊಲ್ಲಿಯ ಮಹದೇಶ್ವರ. ಕೆ.ಆರ್. ನಗರದ ಕಡೆ ಹೋದರೆ ಕಪ್ಪಡಿಯಲ್ಲಿ ರಾಚಪ್ಪಾಜಿಯ ಗದ್ದುಗೆ, ಶಿವರಾತ್ರಿಯಿಂದ ಅಲ್ಲಿ ಜಾತ್ರೆ, ನೀಲಗಾರರ ಬಾಯಲ್ಲಿ ಮಂಟೇಸ್ವಾಮಿ ಸಿದ್ದಪ್ಪಾಜಿಯರ ಪವಾಡಗಳು. ಕಾಡಂಚಿನ ಹಾಡಿಗಳಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ತಮ್ಮ ಹಿರಿಯರ ಚೇತನಗಳನ್ನು ಕರೆದು ಮಾತಾಡಿಸುವ ಆಚರಣೆಗಳು. ಇಲ್ಲಿ ಕತ್ತಲು ಬರಿಯ ಕತ್ತಲಲ್ಲ. ಅದರೊಳಗೆ ನಿಜವಾಗಿಯೂ ಆನೆಯಿದೆ, ಚಿರತೆಯಿದೆ, ಹುಲಿಯಿದೆ. ರಾತ್ರಿ ಹೊಲ ಕಾಯುವ ಮನೆಯ ಮಗುವಿಗೆ ಭಯ ಕಲ್ಪನೆಯಿಂದ ಹುಟ್ಟಿದ್ದಲ್ಲ, ಅನುಭವದಿಂದ ಬಂದದ್ದು. ಹೀಗಾಗಿ ‘ಭಯ ಬಿಡು’ ಎಂದು ಪೇಟೆಯಲ್ಲಿ ಕೂತು ಹೇಳುವ ಬುದ್ಧಿಮಾತು ಇಲ್ಲಿಗೆ ಒಪ್ಪುವುದಿಲ್ಲ. ಯಾವುದಕ್ಕೆ ಭಯಪಡಬೇಕು, ಯಾವುದಕ್ಕೆ ಬೇಡ ಎಂದು ಬೇರ್ಪಡಿಸುವ ವಿವೇಕ ಇಲ್ಲಿಯವರಿಗೆ ಬೇಕು.

ಆ ವಿವೇಕಕ್ಕೆ ಒದಗುವ ಪುಸ್ತಕಗಳು ಕನ್ನಡದಲ್ಲಿ ಇಲ್ಲದೆ ಇಲ್ಲ. ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದ ಜಿಮ್ ಕಾರ್ಬೆಟ್ಟರ ರುದ್ರಪ್ರಯಾಗದ ನರಭಕ್ಷಕನ ಕತೆಯನ್ನೇ ತೆಗೆದುಕೊಳ್ಳಿ. 1918ರಿಂದ 1926ರವರೆಗೆ ಗಢವಾಲದಲ್ಲಿ ಒಂದು ಚಿರತೆ, ದಾಖಲೆಯ ಪ್ರಕಾರವೇ, 125 ಜನರನ್ನು ಕೊಂದಿತು. ಮುಚ್ಚಿದ ಬಾಗಿಲನ್ನೂ ಅದು ತಳ್ಳಿಕೊಂಡು ಬರುತ್ತಿತ್ತು, ಬೋನಿಗೆ ಬೀಳುತ್ತಿರಲಿಲ್ಲ, ವಿಷವೂ ಅದಕ್ಕೆ ತಾಕುತ್ತಿರಲಿಲ್ಲ. ಇದು ಪ್ರಾಣಿಯಲ್ಲ, ದುಷ್ಟಶಕ್ತಿ ಎಂದು ಜನ ತೀರ್ಮಾನಿಸಿದರು. ಒಬ್ಬ ಸಾಧುವೇ ರಾತ್ರಿ ಚಿರತೆಯ ರೂಪ ತಾಳುತ್ತಾನೆಂದು ಶಂಕಿಸಿ ಅವನನ್ನು ಕೊಲ್ಲುವ ಹಂತಕ್ಕೂ ಹೋಗಿದ್ದರು. ಕಾರ್ಬೆಟ್ ಆ ಜನರನ್ನು ಹೀಯಾಳಿಸುವುದಿಲ್ಲ. ಹೆಜ್ಜೆ ನೋಡಿ ಅದು ವಯಸ್ಸಾದ ಗಂಡು ಎಂದು ಗುರುತಿಸುತ್ತಾರೆ. 1918ರ ಇನ್‌ಫ್ಲುಯೆಂಜಾದಲ್ಲಿ ಸುಡಲು ಆಳಿಲ್ಲದೆ ಕಣಿವೆಗೆ ಉರುಳಿಸಿದ ಹೆಣಗಳಿಂದ ಅದಕ್ಕೆ ನರಮಾಂಸದ ರುಚಿ ಹತ್ತಿರಬೇಕೆಂದು ಕಾರಣ ಹುಡುಕುತ್ತಾರೆ. ಈ ಪುಸ್ತಕವನ್ನು ಮೈ ನವಿರೇಳುತ್ತ ಓದುವ ವಿದ್ಯಾರ್ಥಿಗೆ ಅರಿವಿಲ್ಲದೆಯೇ ಒಂದು ಪಾಠ ಆಗಿರುತ್ತದೆ. ಕಾರಣ ಸಿಗದ ಕಡೆ ದೆವ್ವ ಬಂದು ಕೂರುತ್ತದೆ. ಹಾಗೆ ಕೂತ ದೆವ್ವಕ್ಕೆ ಕೊನೆಗೆ ಬಲಿಯಾಗುವವನು ಯಾರೋ ಒಬ್ಬ ನಿರಪರಾಧಿ ಮನುಷ್ಯ.

ಕುತೂಹಲವನ್ನು ಪರೀಕ್ಷೆಗೆ ಒಯ್ಯುವುದು ಹೇಗೆ ಎಂಬುದಕ್ಕೆ ಮೈಕೆಲ್ ಫ್ಯಾರಡೆಯ ಉದಾಹರಣೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಫ್ಯಾರಡೆ ಬಡ ಕಮ್ಮಾರನ ಮಗ. ಹದಿನಾಲ್ಕನೆಯ ವಯಸ್ಸಿಗೆ ಪುಸ್ತಕಕ್ಕೆ ರಟ್ಟು ಕಟ್ಟುವವನ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವನು. ರಟ್ಟು ಕಟ್ಟಲು ಬಂದ ವಿಶ್ವಕೋಶದಲ್ಲಿ ವಿದ್ಯುತ್ತಿನ ಬಗ್ಗೆ ಓದಿ ವಿಜ್ಞಾನಕ್ಕೆ ಬಂದವನು. 1853ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹತ್ತಿತ್ತು. ನಾಲ್ಕಾರು ಜನ ಮೇಜಿನ ಸುತ್ತ ಕೂತು ಅದರ ಮೇಲೆ ಕೈಯಿಟ್ಟರೆ ಸ್ವಲ್ಪ ಹೊತ್ತಿಗೆ ಮೇಜು ತಾನಾಗಿ ಸರಿದು ತಿರುಗುತ್ತಿತ್ತು. ಸತ್ತವರ ಆತ್ಮ ಅದನ್ನು ತಿರುಗಿಸುತ್ತದೆ ಎಂದರು ಕೆಲವರು, ವಿದ್ಯುತ್ತು ಎಂದರು ಇನ್ನು ಕೆಲವರು. ಆ ಕಾಲದ ಅತಿ ದೊಡ್ಡ ವಿಜ್ಞಾನಿಯಾಗಿದ್ದ ಫ್ಯಾರಡೆ ‘ಇದೆಲ್ಲ ಮೂಢನಂಬಿಕೆ’ ಎಂದು ಹೇಳಿ ಸುಮ್ಮನಾಗಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ಪ್ರಾಮಾಣಿಕರೆಂದು ತಾನು ಬಲ್ಲವರನ್ನೇ ಕೂರಿಸಿದ. ಕೈಗಳ ಅಡಿಗೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು, ನಡುವೆ ಮೆತ್ತನೆಯ ಅಂಟಿಟ್ಟು, ಜೋಡಿಸಿದ. ಮೇಜು ತಾನಾಗಿ ಸರಿದಿದ್ದರೆ ಕೆಳಗಿನ ಹಾಳೆ ಮೊದಲು ಸರಿಯಬೇಕು, ಕೈ ತಳ್ಳಿದ್ದರೆ ಮೇಲಿನದು. ತೆಗೆದು ನೋಡಿದಾಗ ಮೇಲಿನ ಹಾಳೆಗಳೇ ಮುಂದೆ ಸರಿದಿದ್ದವು. ಆಮೇಲೆ ಕೈ ಪಕ್ಕಕ್ಕೆ ಒತ್ತಿದ ಕೂಡಲೇ ತೋರಿಸುವ ಒಂದು ಕಡ್ಡಿಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದ. ಅದು ಕಣ್ಣ ಮುಂದೆ ಇರುವಷ್ಟು ಹೊತ್ತೂ ಮೇಜು ಅಲುಗಲಿಲ್ಲ.

ಇದರಲ್ಲಿ ಫ್ಯಾರಡೆ ಯಾರನ್ನೂ ಮೋಸಗಾರರೆನ್ನಲಿಲ್ಲ ಎಂಬುದನ್ನು ಗಮನಿಸಬೇಕು. ತಾವು ತಳ್ಳುತ್ತಿದ್ದೇವೆಂದು ತಳ್ಳುವವರಿಗೇ ತಿಳಿದಿರಲಿಲ್ಲ. ನಮ್ಮಲ್ಲಿ ಮೈಮೇಲೆ ದೇವರು ಬಂದವರ ಬಗ್ಗೆ, ಗಾಳಿ ಸೋಕಿತೆಂದು ನರಳುವವರ ಬಗ್ಗೆ ಮಾತು ಬಂದಾಗ ಒಂದು ಪಕ್ಷ ‘ಸತ್ಯ’ ಎನ್ನುತ್ತದೆ, ಇನ್ನೊಂದು ಪಕ್ಷ ‘ನಾಟಕ’ ಎನ್ನುತ್ತದೆ. ಎರಡೂ ಅಲ್ಲದ ಮೂರನೆಯದೊಂದು ಸಾಧ್ಯ ಎಂದು ಈ ಪ್ರಯೋಗ ತೋರಿಸುತ್ತದೆ. ಅನುಭವ ನಿಜವಿರಬಹುದು, ಅದಕ್ಕೆ ಕೊಟ್ಟ ವಿವರಣೆ ತಪ್ಪಿರಬಹುದು. ವಿದ್ಯಾರ್ಥಿಗೆ ದಕ್ಕಬೇಕಾದ ತಿಳಿವಳಿಕೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳದ್ದು ಹೆಚ್ಚಿಲ್ಲ. ಏಕೆಂದರೆ ತನ್ನ ಅಜ್ಜಿಯನ್ನು ಸುಳ್ಳುಗಾತಿ ಎನ್ನದೆಯೇ ಅಜ್ಜಿ ಕೊಟ್ಟ ಕಾರಣವನ್ನು ಆ ವಿದ್ಯಾರ್ಥಿ ಪ್ರಶ್ನಿಸಬಲ್ಲಳು.

ಕನ್ನಡದ ಓದಿನ ಪರಂಪರೆಯೂ ಅತಿಮಾನುಷವನ್ನು ಪ್ರಶ್ನೆಯ ಶತ್ರುವೆಂದು ಕಂಡಿಲ್ಲ. ಎರಡು ಮೂರು ತಲೆಮಾರಿನ ಮಕ್ಕಳು ‘ಚಂದಮಾಮ’ದಲ್ಲಿ ಓದಿಕೊಂಡು ಬಂದ ಬೇತಾಳ ಹೆಣದೊಳಗೆ ಕೂತ ಭೂತವೇ. ಆದರೆ ಅದು ಹೆದರಿಸಲು ಬಂದದ್ದಲ್ಲ. ಪ್ರತಿ ಕತೆಯ ಕೊನೆಗೂ ಒಂದು ತೊಡಕಿನ ನ್ಯಾಯ ಮುಂದಿಟ್ಟು ಉತ್ತರ ಕೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆದುಹೋಗುತ್ತದೆ ಎಂಬುದು ಷರತ್ತು. ಮಂಟೇಸ್ವಾಮಿ ಕಾವ್ಯದಲ್ಲಿ ಅಸಹ್ಯ ರೂಪದಲ್ಲಿ ಕಲ್ಯಾಣದ ಬಾಗಿಲಿಗೆ ಬರುವ ಗುರು ಪವಾಡ ಮೆರೆಯಲು ಬಂದವನಲ್ಲ, ಶರಣರೆನಿಸಿಕೊಂಡವರ ನಡೆನುಡಿಯನ್ನು ಒರೆಗೆ ಹಚ್ಚಲು ಬಂದವನು. ಶಿವರಾಮ ಕಾರಂತರದು ಇನ್ನೂ ದೊಡ್ಡ ಉದಾಹರಣೆ. ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ಗಳನ್ನು ಒಬ್ಬರೇ ಬರೆದು ಮಕ್ಕಳ ಕೈಗಿತ್ತ ಮನುಷ್ಯ, 1968ರಲ್ಲಿ ‘ಮೂಕಜ್ಜಿಯ ಕನಸುಗಳು’ ಬರೆದಾಗ ವಸ್ತುವೊಂದನ್ನು ಮುಟ್ಟಿದರೆ ಅದರ ಹಿಂದಿನದೆಲ್ಲ ಕಾಣುವ ಅಜ್ಜಿಯನ್ನು ನಡುವೆ ತಂದು ಕೂರಿಸಿದರು. ಆ ಅಲೌಕಿಕ ಶಕ್ತಿಯನ್ನು ಅವರು ಬಳಸಿದ್ದು ದೇವರುಗಳು ಹುಟ್ಟಿ ಬೆಳೆದ ಚರಿತ್ರೆಯನ್ನು ಬಿಚ್ಚಿಡಲಿಕ್ಕೆ. 1977ರ ಜ್ಞಾನಪೀಠ ಆ ಕಾದಂಬರಿಗೆ ಬಂತು. ವಿಚಾರವಾದಿ ಲೇಖಕನೊಬ್ಬ ನಂಬಲಾಗದ ಅಜ್ಜಿಯ ಬಾಯಲ್ಲಿ ನಂಬಿಕೆಯನ್ನೇ ವಿಚಾರಣೆಗೆ ಒಡ್ಡಿದ್ದನ್ನು ಓದಿದವರು ಅತಿಮಾನುಷದ ಕತೆಯನ್ನೆಲ್ಲ ಒಂದೇ ಮೂಟೆಗೆ ಕಟ್ಟಿ ಎಸೆಯಲಾರರು.

ನಮ್ಮಲ್ಲಿ ಪರೀಕ್ಷೆಯ ದಾರಿಯನ್ನು ಬಹಿರಂಗವಾಗಿ ತುಳಿದವರು ಎಚ್. ನರಸಿಂಹಯ್ಯ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡಗಳನ್ನೂ ಪರಿಶೀಲಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಒಂದು ಸಮಿತಿ ರಚಿಸಿದರು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ನಾಗರಿಕರ ಕರ್ತವ್ಯವೆಂದು 51ಎ ವಿಧಿಯ ಮೂಲಕ ಸಂವಿಧಾನಕ್ಕೆ ಸೇರಿದ್ದೂ ಅದೇ ವರ್ಷದ ತಿದ್ದುಪಡಿಯಲ್ಲಿ. ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಸಮಿತಿಯ ಮುಂದೆ ಪವಾಡ ತೋರಿಸಿ ಎಂದು ಪತ್ರ ಬರೆದರು, ಉತ್ತರ ಬರಲಿಲ್ಲ. ಕೆ.ಆರ್. ನಗರದಿಂದ ಅಷ್ಟೇನೂ ದೂರವಿಲ್ಲದ ಪಾಂಡವಪುರದಲ್ಲಿ ಗಾಳಿಯಿಂದ ವಿಭೂತಿ ಕೊಡುತ್ತಾನೆಂದು ಹೆಸರಾಗಿದ್ದ ಪುಟ್ಟ ಬಾಲಕನೊಬ್ಬನ ಉಡುಪಿನೊಳಗೆ ವಿಭೂತಿ ಅಡಗಿಸಿಟ್ಟದ್ದನ್ನು ಸಮಿತಿ ಹೊರಗೆ ತೆಗೆಯಿತು. ಆ ಕೆಲಸಕ್ಕೆ ಎದೆಗಾರಿಕೆ ಬೇಕಿತ್ತು, ನರಸಿಂಹಯ್ಯನವರಿಗೆ ಅದು ಧಾರಾಳವಾಗಿತ್ತು. ಆದರೂ ಮೋಸವನ್ನು ಬಯಲಿಗೆಳೆಯುವುದು ಈ ವಿಷಯದ ಒಂದು ಪಾಲು ಮಾತ್ರ. ರಾತ್ರಿ ಹಾಸ್ಟೆಲಿನಲ್ಲಿ ಎದೆಯ ಮೇಲೆ ಯಾರೋ ಕೂತಂತಾಗಿ ಬೆವೆತು ಎದ್ದ ವಿದ್ಯಾರ್ಥಿಗೆ ಯಾರೂ ಮೋಸ ಮಾಡಿರುವುದಿಲ್ಲ. ಅವಳಿಗೆ ಬೇಕಾದದ್ದು ವಿವರಣೆ.

ಆ ಅನುಭವವನ್ನೇ ಹತ್ತಿರದಿಂದ ನೋಡೋಣ. ಎಚ್ಚರವಾಗಿದೆ, ಕಣ್ಣು ತೆರೆದಿದೆ, ಕೋಣೆ ಕಾಣುತ್ತಿದೆ. ಆದರೆ ಕೈಕಾಲು ಅಲುಗುವುದಿಲ್ಲ, ಕೂಗಿದರೆ ದನಿ ಹೊರಡುವುದಿಲ್ಲ. ಬಾಗಿಲ ಬಳಿ ಯಾರೋ ನಿಂತಂತೆ, ಎದೆಯನ್ನು ಒತ್ತಿ ಹಿಡಿದಂತೆ ಆಗುತ್ತದೆ. ಕ್ಷಣಗಳಲ್ಲೋ ಒಂದೆರಡು ನಿಮಿಷಗಳಲ್ಲೋ ಎಲ್ಲ ಬಿಟ್ಟುಹೋಗುತ್ತದೆ. ಕನಸು ಬೀಳುವ ಹಂತದ ನಿದ್ದೆಯಲ್ಲಿ ಮಿದುಳು ದೇಹದ ಸ್ನಾಯುಗಳನ್ನು ಸಡಿಲಗೊಳಿಸಿ ಇಡುತ್ತದೆ, ಕನಸಿನಲ್ಲಿ ಓಡಿದರೆ ನಾವು ನಿಜವಾಗಿ ಎದ್ದು ಓಡದಿರಲಿ ಎಂದು. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳ ಬಿಡುಗಡೆ ತಡವಾಗುತ್ತದೆ. ಆ ಸಂದಿನಲ್ಲಿ ಕನಸಿನ ಆಕೃತಿಗಳು ಎಚ್ಚರದ ಕೋಣೆಗೆ ನುಗ್ಗುತ್ತವೆ. ವೈದ್ಯರು ಇದನ್ನು ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತಾರೆ. ಇದರ ಬಗ್ಗೆ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಪರಾಮರ್ಶೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಇದನ್ನು ಅನುಭವಿಸಿದವರು ಸಾಮಾನ್ಯ ಜನರಲ್ಲಿ ಸುಮಾರು ಶೇ. 8, ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 28. ನಿದ್ದೆಗೆಟ್ಟು ಓದುವ, ಹೊತ್ತಲ್ಲದ ಹೊತ್ತಿನಲ್ಲಿ ಮಲಗುವ ವಯಸ್ಸಿನವರಿಗೆ ಇದು ಹೆಚ್ಚು ಬಂದರೆ ಸೋಜಿಗವಿಲ್ಲ. ಹಾಸ್ಟೆಲಿನ ಒಂದು ಕೋಣೆಯಲ್ಲಿ ನಾಲ್ವರಲ್ಲಿ ಒಬ್ಬರಿಗೆ ಹೀಗಾದರೆ ಆ ಕೋಣೆಗೆ ‘ದೆವ್ವದ ರೂಮು’ ಎಂಬ ಹೆಸರು ಬೀಳಲು ಎಷ್ಟು ದಿನ ಬೇಕು?

ಇದನ್ನು ತಿಳಿಯುವುದರಿಂದ ಜೀವ ಉಳಿಯುವುದೂ ಉಂಟು. ಕಾಡಂಚಿನ ಊರುಗಳಲ್ಲಿ ರಾತ್ರಿ ಮೈ ಕದಲದಂತಾಗಲು ಇನ್ನೊಂದು ಕಾರಣವಿದೆ, ಕಟ್ಟುಹಾವು. ಅದು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವು ಅಷ್ಟಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ಹೊಟ್ಟೆನೋವು ಬರುತ್ತದೆ, ರೆಪ್ಪೆ ಜೋಲುತ್ತದೆ, ನಾಲಿಗೆ ತೊದಲುತ್ತದೆ, ಗಂಟೆಗಳು ಕಳೆದಂತೆ ಉಸಿರಾಟದ ಸ್ನಾಯುಗಳೇ ಸೋಲುತ್ತವೆ. ಗಾಯವಿಲ್ಲ, ಹಾವನ್ನು ಕಂಡವರಿಲ್ಲ. ಗಾಳಿ ಮೆಟ್ಟಿಕೊಂಡಿತು ಎನ್ನುವುದಕ್ಕೆ ಇದಕ್ಕಿಂತ ಹೊಂದುವ ಸನ್ನಿವೇಶ ಬೇರೆ ಬೇಕಿಲ್ಲ. ಮೇಲಿಂದ ನೋಡಿದರೆ ಎರಡೂ ಒಂದೇ ಬಗೆ. ಒಂದು ನಿಮಿಷದಲ್ಲಿ ತಾನಾಗಿ ಬಿಟ್ಟುಹೋಗುವಂಥದ್ದು, ಇನ್ನೊಂದು ನಿಮಿಷ ಕಳೆದಷ್ಟೂ ಬಿಗಿಯುವಂಥದ್ದು. ಇವೆರಡರ ಬಗ್ಗೆಯೂ ಓದಿಕೊಂಡ ಒಂದು ಮಗು ಮನೆಯಲ್ಲಿದ್ದರೆ ಬೂದಿ ಮಂತ್ರಿಸುತ್ತ ಕೂರದೆ ಆ ರಾತ್ರಿಯೇ ಆಸ್ಪತ್ರೆಗೆ ಗಾಡಿ ಹೊರಡುತ್ತದೆ. ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಚ್ಚಿ ಸತ್ತವರು ವರ್ಷಕ್ಕೆ ಸರಾಸರಿ 58,000 ಎಂಬ ಅಂದಾಜಿದೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

‘ಮಂತ್ರದಿಂದ ವಿಷ ಇಳಿದವರು ನಮ್ಮೂರಲ್ಲೇ ಇದ್ದಾರಲ್ಲ’ ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಇದ್ದಾರೆ, ಅವರು ಸುಳ್ಳು ಹೇಳುತ್ತಿಲ್ಲ. ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವೂ ಎಷ್ಟೋ ಸಲ ವಿಷ ಬಿಡದೆ ಬರಿಯ ಹಲ್ಲೂರುತ್ತದೆ. ಹೀಗೆ ಕಚ್ಚಿಸಿಕೊಂಡವರು ಮಂತ್ರ ಹಾಕಿಸಿದರೂ ಬದುಕುತ್ತಾರೆ, ಹಾಕಿಸದಿದ್ದರೂ ಬದುಕುತ್ತಾರೆ. ಬದುಕಿದವರು ಜಾತ್ರೆಯಲ್ಲಿ, ಜಗಲಿಯಲ್ಲಿ ಕತೆ ಹೇಳುತ್ತಾರೆ. ಸತ್ತವರು ಬಂದು ‘ನನಗೆ ಇಳಿಯಲಿಲ್ಲ’ ಎಂದು ಹೇಳುವುದಿಲ್ಲ. ಲೆಕ್ಕದಲ್ಲಿ ಇಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಈ ಬುದ್ಧಿ ವಿಜ್ಞಾನದ ತಿರುಳು, ಇದನ್ನು ಕಲಿಸಲು ಪ್ರಯೋಗಾಲಯವೇನೂ ಬೇಕಾಗಿಲ್ಲ. 2017ರಲ್ಲಿ ಅಂಗೀಕಾರವಾಗಿ 2020ರಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿಗಳು ಹಾಗೂ ವಾಮಾಚಾರ ತಡೆ ಕಾಯ್ದೆ ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದನ್ನು, ಹಾವು ಕಚ್ಚಿದವರನ್ನು ಚಿಕಿತ್ಸೆಯಿಂದ ತಡೆಯುವುದನ್ನು ಅಪರಾಧವೆನ್ನುತ್ತದೆ. ಕಾಯ್ದೆ ಬೇಕು, ಖಂಡಿತ ಬೇಕು. ಆದರೆ ಅದು ಕೆಲಸ ಮಾಡುವುದು ಯಾರಾದರೂ ದೂರು ಕೊಟ್ಟ ಮೇಲೆ. ದೂರು ಕೊಡಬೇಕೆಂದು ತೋಚುವುದಕ್ಕೆ ಮನೆಯೊಳಗೆ ಒಬ್ಬರಾದರೂ ಅನುಮಾನ ಪಡಬೇಕು.

ದೆವ್ವದ ಕತೆ ಓದಿಯೇ ಮಕ್ಕಳು ಕೆಡುತ್ತಾರೆ, ಮಾಟಮಂತ್ರದ ಕಾದಂಬರಿಗಳಿಂದ ಭಯ ಹೆಚ್ಚುತ್ತದೆ ಎಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ‘ತುಳಸಿದಳ’ದಂಥ ಕಾದಂಬರಿ ಓದಿ ರಾತ್ರಿಯೆಲ್ಲ ದೀಪ ಆರಿಸದೆ ಮಲಗಿದ ಓದುಗರ ತಲೆಮಾರೇ ಇದೆ. ಅಂಥ ಪುಸ್ತಕ ಒಂದನ್ನೇ ಓದಿ ನಿಂತವರಲ್ಲಿ ಭಯ ಉಳಿದುಕೊಳ್ಳಬಹುದು. ನನ್ನ ವಾದಕ್ಕೆ ಇದು ವಿರುದ್ಧವಲ್ಲ, ಪೋಷಕವೇ. ಭಯ ಹುಟ್ಟಿಸಿದ ಪುಸ್ತಕದ ಜೊತೆಗೆ ಇನ್ನೊಂದು ಸಿಗದೇ ಹೋದದ್ದು ಅಲ್ಲಿಯ ತೊಂದರೆ. ಪುಸ್ತಕ ಕಿತ್ತುಕೊಂಡರೆ ಕತೆ ಮೊಬೈಲಿನಲ್ಲಿ ಬರುತ್ತದೆ, ಅಲ್ಲಿ ಹೇಳಿದವರು ಯಾರು, ಕತೆಯೋ ವರದಿಯೋ ಎಂಬ ಗುರುತೂ ಇರುವುದಿಲ್ಲ. ಕಾದಂಬರಿ ತಾನು ಕಾದಂಬರಿ ಎಂದು ರಟ್ಟಿನ ಮೇಲೆಯೇ ಹೇಳಿಕೊಂಡಿರುತ್ತದೆ.

ವಿಜ್ಞಾನದ ಪುಸ್ತಕವನ್ನೂ ಮಂತ್ರದಂತೆ ಬಾಯಿಪಾಠ ಮಾಡುವ ಅಪಾಯವಿದೆ, ಅದನ್ನೂ ಹೇಳಬೇಕು. ಜೌಗು ನೆಲದಲ್ಲಿ ರಾತ್ರಿ ಕಾಣುವ ಕೊಳ್ಳಿದೆವ್ವದ ಬೆಳಕು ಏನೆಂದು ಕೇಳಿದರೆ ‘ರಂಜಕ’ ಎಂದು ಒಂದೇ ಉಸಿರಿಗೆ ಹೇಳುವ ವಿದ್ಯಾರ್ಥಿಗಳಿದ್ದಾರೆ. ಕೊಳೆತ ಸಸ್ಯಗಳಿಂದ ಮೀಥೇನ್ ಹೊರಡುತ್ತದೆ, ರಂಜಕದ ಕೆಲವು ಅನಿಲಗಳು ಅದಕ್ಕೆ ಕಿಡಿ ಹತ್ತಿಸುತ್ತಿರಬಹುದು ಎಂಬುದು ಹಳೆಯ ಊಹೆ. ಬಯಲಿನಲ್ಲಿ ಆ ಬೆಳಕು ಹುಟ್ಟುವ ಬಗೆ ಎಲ್ಲರೂ ಒಪ್ಪುವಂತೆ ಇನ್ನೂ ತೀರ್ಮಾನವಾಗಿಲ್ಲ. ಹಾಗೆ ಕಂಡ ಬೆಳಕುಗಳಲ್ಲಿ ಎಷ್ಟೋ ದೂರದ ದಾರಿಹೋಕರ ಪಂಜುಗಳೂ ಆಗಿರಬಹುದು. ‘ದೆವ್ವ’ ಎಂದವನೂ ‘ರಂಜಕ’ ಎಂದವನೂ ಇಬ್ಬರೂ ಪರೀಕ್ಷಿಸದೆ ಹೇಳಿದ್ದರೆ ಅವರ ನಡುವೆ ಇರುವ ಅಂತರ ಕಡಿಮೆ. ತೇಜಸ್ವಿಯವರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಬೆನ್ನು ಹತ್ತಿದವರು ಮಂದಣ್ಣನಂಥ ಹಳ್ಳಿಗನ ಕಣ್ಣನ್ನು ನೆಚ್ಚಿ ಕಾಡಿಗೆ ಹೊರಡುತ್ತಾರೆ. ನಂಬಲಸಾಧ್ಯವಾದದ್ದನ್ನು ಯಾರೋ ಕಂಡೆ ಎಂದಾಗ ‘ನಡಿ, ನೋಡೋಣ’ ಎನ್ನುವ ಮನಸ್ಸು ಆ ಕಾದಂಬರಿಯ ಉದ್ದಕ್ಕೂ ಇದೆ. ಶಾಲೆಯಲ್ಲಿ ವಿಜ್ಞಾನ ಕಲಿಸುವವರು ಮಕ್ಕಳ ದೆವ್ವದ ಪ್ರಶ್ನೆಗೆ ಕೊಡಬೇಕಾದ ಉತ್ತರವೂ ಅದೇ ಧಾಟಿಯದು.

ಇನ್ನು ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ. ಆದಿವಾಸಿಗಳ ದೇವರನ್ನೂ ಹಿರಿಯರ ಚೇತನಗಳನ್ನೂ ‘ಅತಿಮಾನುಷ’ದ ಪಟ್ಟಿಗೆ ಸೇರಿಸಿ ಪರೀಕ್ಷೆಗೆ ಒಡ್ಡುವುದು, ಕಾಡಿನಿಂದ ಹೊರಗೆ ಹಾಕಲ್ಪಟ್ಟ ಅವರನ್ನು ಇನ್ನೊಮ್ಮೆ ಒಕ್ಕಲೆಬ್ಬಿಸಿದಂತಲ್ಲವೇ? ಬೆಳಗಾದರೆ ಟಿ.ವಿ.ಯಲ್ಲಿ ರಾಶಿಫಲ ನೋಡಿ ಮನೆಯಿಂದ ಹೊರಡುವವರು ಹಾಡಿಯವರ ನಂಬಿಕೆಯನ್ನು ಮೂಢ ಎನ್ನುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ನಂಬಿಕೆಯ ಮುಂದೆ ಇಡಬಹುದಾದ ಪ್ರಶ್ನೆ ‘ಇದು ನಿಜವೋ ಸುಳ್ಳೋ’ ಒಂದೇ ಅಲ್ಲ. ‘ಇದು ಯಾರ ನೆನಪು? ಈ ಕಲ್ಲಿಗೆ, ಈ ಮರಕ್ಕೆ ಪೂಜೆ ಸಲ್ಲಿಸಿದವರು ಇಲ್ಲಿ ಎಂದಿನಿಂದ ಇದ್ದರು?’ ಎಂದೂ ಕೇಳಬಹುದು. ಮೂಕಜ್ಜಿ ಕೇಳಿದ್ದು ಹೆಚ್ಚುಕಡಿಮೆ ಇದನ್ನೇ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳು, ಒಂದು ಸಮುದಾಯ ಕಾಡಿನಲ್ಲಿ ಬಹುಕಾಲದಿಂದ ಬಾಳಿತ್ತು ಎಂಬುದಕ್ಕೆ ಒಪ್ಪಬಹುದಾದ ಪುರಾವೆಗಳಲ್ಲಿ ಬಾವಿ, ಸಮಾಧಿಗಳ ಜೊತೆಗೆ ಪವಿತ್ರ ಸ್ಥಳಗಳನ್ನೂ ಹೆಸರಿಸಿವೆ. ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಉಳಿದುಹೋದ ದೇವರ ತಾಣವೊಂದು, ಹೊರಗೆ ಹಾಕಲ್ಪಟ್ಟ ಹಾಡಿಯ ಪಾಲಿಗೆ ಹಕ್ಕಿನ ದಾಖಲೆಯಾಗಬಲ್ಲದು. ತನ್ನ ಅಜ್ಜನ ದೇವರು ಎಲ್ಲೆಲ್ಲಿವೆ, ಯಾವ ಹಬ್ಬಕ್ಕೆ ಯಾವ ದಾರಿಯಲ್ಲಿ ಹೋಗುತ್ತಿದ್ದರು ಎಂದು ಕೇಳಿ ಬರೆದಿಡುವ ಜೇನುಕುರುಬರ ಹುಡುಗಿ ಮಾಡುವುದೂ ವಿಚಾರದ ಕೆಲಸವೇ, ಹಾವು ಕಚ್ಚಿದ ರಾತ್ರಿ ಆಸ್ಪತ್ರೆಗೆ ನಡೆಯಿರಿ ಎಂದು ಹಟ ಹಿಡಿಯುವುದೂ ವಿಚಾರದ ಕೆಲಸವೇ. ಇವೆರಡನ್ನೂ ಒಬ್ಬಳೇ ಮಾಡಬಲ್ಲಳು, ಒಂದು ಇನ್ನೊಂದನ್ನು ಅಳಿಸುವುದಿಲ್ಲ.

ಇಷ್ಟೆಲ್ಲ ಓದಿಯೂ ನಂಬುವವರು ನಂಬುತ್ತಲೇ ಇರುತ್ತಾರಲ್ಲ ಎಂದರೆ, ಹೌದು, ಇರುತ್ತಾರೆ. ಎ.ಕೆ. ರಾಮಾನುಜನ್ ತಮ್ಮ ತಂದೆಯ ಬಗ್ಗೆ ಬರೆದಿದ್ದಾರೆ. ತಂದೆ ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು, ಖಗೋಳವನ್ನೂ ಬಲ್ಲವರು, ಜ್ಯೋತಿಷವನ್ನೂ ನಂಬಿದವರು. ಆಗಷ್ಟೇ ಬರ್ಟ್ರಂಡ್ ರಸೆಲ್‌ನನ್ನು ಓದಿ ವೈಜ್ಞಾನಿಕ ಮನೋಭಾವಕ್ಕೆ ಮನಸೋತಿದ್ದ ಹದಿಹರೆಯದ ಮಗನಿಗೆ ಇದು ಸಹಿಸದ ವಿರೋಧಾಭಾಸವಾಗಿ ಕಂಡಿತು. ಹೊಸದಾಗಿ ಕಂಡುಹಿಡಿದ ಗ್ರಹಗಳನ್ನು ನಿಮ್ಮ ನವಗ್ರಹ ಲೆಕ್ಕ ಏನು ಮಾಡುತ್ತದೆ ಎಂದು ಕೇಳಿದ. ತಂದೆ ಕದಲಲಿಲ್ಲ, ಇಂಥದೇ ಇನ್ನೊಂದು ಪ್ರಶ್ನೆಗೆ ಮಿದುಳಿಗೆ ಎರಡು ಹೋಳುಗಳಿವೆ ಎಂಬ ಅರ್ಥದ ಉತ್ತರ ಕೊಟ್ಟರು. ಮಗ ದೊಡ್ಡವನಾಗಿ ಅದರ ಬಗ್ಗೆಯೇ ಒಂದು ಪ್ರಸಿದ್ಧ ಪ್ರಬಂಧ ಬರೆದ. ತಂದೆಯ ಮನಸ್ಸು ಬದಲಾಗಲಿಲ್ಲ ಎಂಬುದರಷ್ಟೇ ಮುಖ್ಯವಾದದ್ದು, ಆ ಮನೆಯಲ್ಲಿ ಮಗ ಹಾಗೆ ಕೇಳಬಹುದಿತ್ತು ಎಂಬುದು. ರಸೆಲ್ ಆ ಹುಡುಗನ ಕೈಗೆ ಸಿಕ್ಕಿದ್ದ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಇದರ ಇನ್ನೊಂದು ರೂಪ ಈಗಲೂ ಕಾಣುತ್ತದೆ. ದೈವವಾಣಿಯನ್ನು ಕೇಳುವ ಪದ್ಧತಿ ಇಂದಿಗೂ ಇರುವ ಟಿಬೆಟಿನ ಪರಂಪರೆಯ ಸೆರಾ ಮಠದಲ್ಲಿ ಭಿಕ್ಷುಗಳು ಅಂಗಳದಲ್ಲಿ ಎದುರುಬದುರು ನಿಂತು, ಅಂಗೈ ತಟ್ಟಿ, ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅಮೆರಿಕದ ಎಮರಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ಆಧುನಿಕ ವಿಜ್ಞಾನವನ್ನೂ ಕಲಿಯುತ್ತಾರೆ. ಬೌದ್ಧಧರ್ಮದ ಒಂದು ನಂಬಿಕೆ ತಪ್ಪೆಂದು ವಿಜ್ಞಾನ ಖಚಿತವಾಗಿ ತೋರಿಸಿದರೆ ಬದಲಾಗಬೇಕಾದದ್ದು ನಂಬಿಕೆ ಎಂಬರ್ಥದ ಮಾತನ್ನು ದಲೈ ಲಾಮಾ 2005ರ ತಮ್ಮ ಪುಸ್ತಕದಲ್ಲಿ ಬರೆದಿದ್ದಾರೆ. ಎರಡು ಹೋಳುಗಳ ಮನಸ್ಸು ತಪ್ಪೇ ಎಂದು ಕೇಳಿದರೆ, ಎರಡನ್ನೂ ಓದಿಕೊಂಡವರ ಮಟ್ಟಿಗೆ ಅದು ಅವರವರಿಗೆ ಬಿಟ್ಟದ್ದು ಎನ್ನುತ್ತೇನೆ. ಒಂದನ್ನಷ್ಟೇ ಕೇಳಿ ಬೆಳೆದವರಿಗೆ ಆರಿಸಿಕೊಳ್ಳುವ ಸ್ವಾತಂತ್ರ್ಯವೇ ಇರುವುದಿಲ್ಲ.

ಈ ಸ್ವಾತಂತ್ರ್ಯ ಹೆಗ್ಗಡದೇವನಕೋಟೆಯಂಥ ತಾಲ್ಲೂಕಿನ ಮಕ್ಕಳಿಗೆ ಸಿಗಬಹುದಾದ ಜಾಗ ಈಗಾಗಲೇ ಇದೆ. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು. 2020ರಲ್ಲಿ ಮಕ್ಕಳನ್ನು ಅಲ್ಲಿಗೆ ಕರೆತರುವ ‘ಓದುವ ಬೆಳಕು’ ಶುರುವಾಯಿತು. ಅವನ್ನು ಈಗ ‘ಅರಿವು ಕೇಂದ್ರ’ ಎನ್ನುತ್ತೇವೆ. ಅಲ್ಲಿಗೆ ಪುಸ್ತಕ ಆರಿಸುವವರು ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳ ಜೊತೆಗೆ ಚಂದಮಾಮದ ಬೇತಾಳನನ್ನೂ ಮೂಕಜ್ಜಿಯನ್ನೂ ಮಂಟೇಸ್ವಾಮಿ ಕಾವ್ಯವನ್ನೂ ತರಬೇಕು. ಮಕ್ಕಳು ಕೇಳುವ ದೆವ್ವದ ಕತೆಗಳನ್ನೂ ತರಬೇಕು. ಅದೇ ಸಾಲಿನಲ್ಲಿ ರುದ್ರಪ್ರಯಾಗದ ಚಿರತೆ, ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’, ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ದ ಸಂಚಿಕೆಗಳು, ಹಾವುಗಳನ್ನು ಗುರುತಿಸುವ ಚಿತ್ರಗಳಿರುವ ಒಂದು ಕೈಪಿಡಿ ಇರಬೇಕು. ‘ವಿಜ್ಞಾನ’, ‘ಧಾರ್ಮಿಕ’, ‘ಕತೆ’ ಎಂದು ಬೇರೆ ಬೇರೆ ಬೀರುಗಳಲ್ಲಿ ಬೀಗ ಹಾಕಿಡದೆ, ದೆವ್ವದ ಪುಸ್ತಕಕ್ಕೆ ಕೈಚಾಚಿದವರ ಕೈಗೆ ಪಕ್ಕದ್ದೂ ತಾಗುವಂತೆ ಇಡಬೇಕು. ಕಾಡಂಚಿನ ಹಾಡಿಗಳಿಂದ ಪಂಚಾಯಿತಿ ಕೇಂದ್ರಕ್ಕೆ ನಡೆದು ಬರುವ ದೂರ ಸಣ್ಣದಲ್ಲ, ಸಂಜೆ ಆನೆ ದಾಟುವ ಹೊತ್ತಿಗೆ ಮಕ್ಕಳು ಅಲ್ಲಿಂದ ಮನೆ ಸೇರಿರಬೇಕು. ಹಾಗಾಗಿ ಮೊದಲು ಆಶ್ರಮ ಶಾಲೆಗಳಿಗೂ ಹಾಸ್ಟೆಲುಗಳಿಗೂ ಒಂದೊಂದು ಪೆಟ್ಟಿಗೆ ಪುಸ್ತಕ ಕಳಿಸಿ, ತಿಂಗಳಿಗೊಮ್ಮೆ ಬದಲಿಸುವ ಏರ್ಪಾಡು ಆಗಬೇಕು. ಪೆಟ್ಟಿಗೆಯ ಜೊತೆ ಒಂದು ಖಾಲಿ ನೋಟ್‌ಬುಕ್ಕೂ ಹೋಗಲಿ. ಓದಿದ ಮೇಲೆ ಹುಟ್ಟಿದ ಪ್ರಶ್ನೆಗಳನ್ನು ಮಕ್ಕಳು ಅದರಲ್ಲಿ ಬರೆಯಲಿ, ಮುಂದಿನ ತಿಂಗಳ ಪೆಟ್ಟಿಗೆಯಲ್ಲಿ ಯಾವ ಪುಸ್ತಕ ಇರಬೇಕು ಎಂಬುದನ್ನು ಆ ಪ್ರಶ್ನೆಗಳನ್ನು ನೋಡಿ ತೀರ್ಮಾನಿಸಲಿ.